ಮೇ ತಿಂಗಳ ಮದುವೆ, ಶೀಟಿನ ಭವನ: ಸೆಕೆಯಲ್ಲಿ ಹುಡುಗಿಯ ಮೇಕಪ್ ಮಧ್ಯಾಹ್ನದವರೆಗೆ ನಿಲ್ಲಿಸೋದು ಹೇಗೆ?

ಮೊಗ್ಗಿನಜಡೆ (ಹಾಸನ)

ಎಲ್ಲರಿಗೂ ನಮಸ್ಕಾರ. ಮೇ ಎರಡನೇ ವಾರ ಹಾಸನದ ಹೊರವಲಯದ ಸಮುದಾಯ ಭವನವೊಂದರಲ್ಲಿ ಮದುವೆ ಇದೆ, ಹುಡುಗಿಯ ಮೇಕಪ್ ನನಗೆ ಒಪ್ಪಿಸಿದ್ದಾರೆ. ಮೇಲ್ಗಡೆ ಶೀಟು, ಎಸಿ ಇಲ್ಲ, ಹಸೆಮಣೆ ಹತ್ತಿರ ಎರಡು ಸ್ಟ್ಯಾಂಡ್ ಫ್ಯಾನ್ ಅಷ್ಟೇ. ಮುಹೂರ್ತ 10.20ಕ್ಕೆ. ಬಾಸಿಂಗ ಕಟ್ಟುತ್ತಾರೆ, ಹೋಮವೂ ಇದೆ. ಊಟ, ಫೋಟೋ ಎಲ್ಲ ಮುಗಿಯೋ ಹೊತ್ತಿಗೆ ಮೂರು ಗಂಟೆ ಆಗುತ್ತೆ. ಮೂರನೇ ದಿನ ಗಂಡಿನ ಮನೆ ಔತಣ ಬೆಳ್ತಂಗಡಿ ಹತ್ತಿರ, ಅಲ್ಲಿಗೂ ನಾನೇ ಹೋಗಬೇಕು.

ಹುಡುಗಿಗೆ ಹಣೆ, ಮೂಗು, ಗದ್ದ ಜಿಡ್ಡು, ಕೆನ್ನೆ ಸಾಧಾರಣ. ಸದ್ಯಕ್ಕೆ ಇರೋ ಸಾಮಾನು: ಸಿಲಿಕೋನ್ ಪ್ರೈಮರ್ (ಫೌಂಡೇಶನ್‌ಗೆ ಮುಂಚೆ ಹಚ್ಚೋದು), ನೀರಿನ ಬೇಸ್‌ನ ಫೌಂಡೇಶನ್, ಲೂಸ್ ಪೌಡರ್, ರೋಸ್ ವಾಟರ್ ಇರೋ ಒಂದು ಮೇಕಪ್ ಸ್ಪ್ರೇ. ಟ್ರಯಲ್‌ನಲ್ಲಿ ಹಣೆ ಮೇಲೆ ಬ್ಲೆಂಡ್ ಮಾಡುವಾಗಲೇ ಸಣ್ಣ ಸಣ್ಣ ಉಂಡೆ ಎದ್ದವು. ಒಂದೂವರೆ ಗಂಟೆ ಕಳೆಯೋದರೊಳಗೆ ಮೂಗಿನ ಪಕ್ಕ, ಮೇಲ್ದುಟಿ ಮೇಲೆ ಬಣ್ಣ ಒಡೆಯಿತು. ಪೌಡರ್ ಜಾಸ್ತಿ ಮಾಡಿದರೆ ತೇಪೆ ತೇಪೆ ಕಾಣುತ್ತೆ. ಪೌಡರ್ ಬೇರೆ ತರಬೇಕಾ, ಏರ್‌ಬ್ರಶ್‌ಗೆ (ಮೆಷಿನ್ನಿನ ಗಾಳಿಯಲ್ಲಿ ಫೌಂಡೇಶನ್ ಸಿಂಪಡಿಸೋದು) ಹೋಗಬೇಕಾ? ಮುಖಕ್ಕೆ ಮೊದಲು ಮಿಲ್ಕ್ ಆಫ್ ಮ್ಯಾಗ್ನೀಷಿಯಾ ಹಚ್ಚಿದರೆ ಬೆವರೇ ಬರಲ್ಲ ಅಂತಲೂ ಒಬ್ಬರು ಹೇಳಿದರು, ಅದು ಸರಿಯಾ?

ಧಾರೆಸೀರೆ (ಚಿಕ್ಕಮಗಳೂರು)

ಪೌಡರ್ ಬದಲಾಯಿಸೋಕೆ ಹೋಗಬೇಡಿ, ತೊಂದರೆ ಅಲ್ಲಿಲ್ಲ. ಹಣೆ ಮೇಲೆ ಉಂಡೆ ಎದ್ದಿದ್ದು ಪ್ರೈಮರ್ ಮತ್ತು ಫೌಂಡೇಶನ್ ಒಂದಕ್ಕೊಂದು ಆಗಿಬರದೆ ಇದ್ದಿದ್ದಕ್ಕೆ. ಸಿಲಿಕೋನ್ ಮೇಲೆ ನೀರಿನ ಫೌಂಡೇಶನ್ ಕೂರೋದಿಲ್ಲ, ಜಾರುತ್ತೆ, ಉಜ್ಜಿದಷ್ಟೂ ಸುರುಳಿ ಸುತ್ತಿಕೊಳ್ಳುತ್ತೆ. ಬಾಟಲಿ ಹಿಂದಿನ ಪಟ್ಟಿ ನೋಡಿ. ಡೈಮೆಥಿಕೋನ್, ಸೈಕ್ಲೋಪೆಂಟಾಸಿಲೋಕ್ಸೇನ್ ಇಂಥ ಹೆಸರು ಮೇಲೇ ಇದ್ದರೆ ಅದು ಸಿಲಿಕೋನ್ ಬೇಸ್. ಮೊದಲ ಹೆಸರು ನೀರು ಅಂತಿದ್ದ ಮಾತ್ರಕ್ಕೆ ನೀರಿನ ಬೇಸ್ ಅಂದುಕೊಳ್ಳಬೇಡಿ; ಅದರ ಹಿಂದೆಯೇ ಎರಡು ಮೂರು ಸಿಲಿಕೋನ್ ಬಂದರೆ ಅದೂ ಸಿಲಿಕೋನಿನದೇ. ಅನುಮಾನ ಇದ್ದರೆ ಅಂಗೈ ಹಿಂಭಾಗದಲ್ಲಿ ಎರಡನ್ನೂ ಒಂದೊಂದು ಹನಿ ಹಾಕಿ ಬೆರೆಸಿ ಒಂದು ನಿಮಿಷ ಬಿಡಿ. ಬೇರೆ ಬೇರೆಯಾಗಿ ಒಡೆದರೆ ಆ ಜೋಡಿ ಬೇಡ. ನಿಮ್ಮ ಹುಡುಗಿಯ ಚರ್ಮಕ್ಕೆ, ಮೇ ತಿಂಗಳಿಗೆ, ಎರಡೂ ಸಿಲಿಕೋನ್ ಇರಲಿ.

ಇನ್ನು ಮೂಗಿನ ಪಕ್ಕ ಒಡೆಯೋ ವಿಷಯ. ‘ವಾಟರ್‌ಪ್ರೂಫ್’ ಅಂತ ಬರೆದಿದ್ದು ಮೇಲಿಂದ ಬೀಳೋ ನೀರಿಗೆ. ಬೆವರು ಬರೋದು ಕೆಳಗಿಂದ. ಒಣ ಬಿಸಿಲಲ್ಲಿ ಬಂದ ಬೆವರು ಅಲ್ಲಲ್ಲೇ ಆರಿಹೋಗುತ್ತೆ. ಗಾಳಿಯಲ್ಲೇ ತೇವ ತುಂಬಿದ್ದಾಗ ಆರೋದಿಲ್ಲ, ಚರ್ಮಕ್ಕೂ ಫೌಂಡೇಶನ್‌ಗೂ ನಡುವೆ ನಿಲ್ಲುತ್ತೆ. ಪದರ ದಪ್ಪ ಇದ್ದರೆ ಸುಣ್ಣದ ಗೋಡೆ ಹಾಗೆ ಚಕ್ಕೆ ಎದ್ದು ಬರುತ್ತೆ. ತೆಳು ಇದ್ದರೆ ಬೆವರು ದಾರಿ ಮಾಡಿಕೊಂಡು ಹೊರಗೆ ಬರುತ್ತೆ, ಒತ್ತಿ ತೆಗೆದರೆ ಬಣ್ಣ ಅಲ್ಲೇ ಉಳಿಯುತ್ತೆ. ಆದ್ದರಿಂದ ಸೆಕೆಗೆ ಬೇಕಿರೋದು ಎರಡೇ: ಪ್ರತಿ ಪದರ ತೆಳುವಾಗಿರಬೇಕು, ಪ್ರತಿ ಪದರ ಆರಿದ ಮೇಲೇ ಮುಂದಿನದು ಹೋಗಬೇಕು.

10.20ರ ಮುಹೂರ್ತಕ್ಕೆ ಆರು ಗಂಟೆಗೆ ಕೂದಲು ಶುರು ಮಾಡಿ. ಡ್ರೈಯರ್, ಟಾಂಗ್ ಶಾಖಕ್ಕೇ ಮುಖ ಬೆವರುತ್ತೆ, ಹಾಗಾಗಿ ಅದು ಮುಖದ ಕೆಲಸಕ್ಕಿಂತ ಮುಂಚೆ ಮುಗಿಯಬೇಕು. ಆಮೇಲೆ ಇಪ್ಪತ್ತು ನಿಮಿಷ ಫ್ಯಾನ್ ಕೆಳಗೆ ಸುಮ್ಮನೆ ಕೂರಿಸಿ. ಮುಂದೆ ಗುಂಡಿ ಇರೋ ಹತ್ತಿ ಶರ್ಟು ಹಾಕಿರಲಿ. ಮುಖ ಆದ ಮೇಲೆ ರೇಷ್ಮೆ ಸೀರೆ, ಎಲ್ಲಕ್ಕಿಂತ ಕೊನೆಗೆ ಮೊಗ್ಗಿನ ಜಡೆ. ಸೀರೆ, ಜಡೆ ಮೊದಲೇ ಏರಿಸಿದರೆ ಬೆನ್ನು, ಕುತ್ತಿಗೆ ಕಾದು, ನೀವು ಬ್ರಶ್ ಹಿಡಿಯೋ ಹೊತ್ತಿಗೆ ಹಣೆ ಒದ್ದೆ ಆಗಿರುತ್ತೆ.

ಮುಖ ತೊಳೆಸಿ ಒತ್ತಿ ಒರೆಸಿ. ಐಸನ್ನ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಂದೇ ಕಡೆ ನಿಲ್ಲಿಸದೆ, ಒಂದೆರಡು ನಿಮಿಷ ಆಡಿಸಿ. ಅದರಿಂದ ಮುಖ ತಂಪಾಗಿ ಸ್ವಲ್ಪ ಹೊತ್ತು ಬೆವರು ತಡೆಯುತ್ತೆ, ನಿಮಗೆ ಕೆಲಸ ಮಾಡೋಕೆ ಬಿಡುವು ಸಿಗುತ್ತೆ. ಅದಕ್ಕಿಂತ ಜಾಸ್ತಿ ನಂಬಬೇಡಿ. ಜೆಲ್ ಮಾಯಿಶ್ಚರೈಸರ್ ಒಂದು ಕಡಲೆಕಾಳಿನಷ್ಟು, ಹತ್ತು ನಿಮಿಷ ಬಿಡಿ. ಇದನ್ನ ಬಿಟ್ಟರೆ ಮೇಕಪ್ ನಿಲ್ಲುತ್ತೆ ಅಂತ ಕೆಲವರು ಬಿಡ್ತಾರೆ, ಆಗ ಒಣ ಜಾಗಕ್ಕೆಲ್ಲ ಪೌಡರ್ ಕಚ್ಚಿ ಬಿರುಕು ಕಾಣುತ್ತೆ. ಪ್ರೈಮರ್ ಅರ್ಧ ಕಡಲೆಕಾಳು, ಹಣೆಯ ಮಧ್ಯ, ಮೂಗು, ಮೂಗಿನ ಪಕ್ಕ, ಗದ್ದಕ್ಕೆ ಮಾತ್ರ. ಬೆರಳಲ್ಲಿ ಒತ್ತಿ, ಸವರಬೇಡಿ. ಮೂರು ನಿಮಿಷ.

ಫೌಂಡೇಶನ್ ಇಡೀ ಮುಖಕ್ಕೆ ಎರಡು ಬಟಾಣಿ ಕಾಳಿನಷ್ಟು ಸಾಕು. ಸ್ಪಾಂಜನ್ನ ನೆನೆಸಿ, ಟವೆಲಲ್ಲಿ ಸುತ್ತಿ ಗಟ್ಟಿಯಾಗಿ ಹಿಂಡಿ. ಮುಟ್ಟಿದರೆ ಕೈಗೆ ನೀರು ಹತ್ತಬಾರದು. ತಟ್ಟಿ ತಟ್ಟಿ ಕೂರಿಸಿ. ನಾಲ್ಕು ನಿಮಿಷ ಏನೂ ಮಾಡಬೇಡಿ. ಸೈಕ್ಲೋ ಸಿಲಿಕೋನ್ ಹಾರಿಹೋಗಿ ಬಣ್ಣ ಚರ್ಮಕ್ಕೆ ಹಿಡಿಯೋದು ಆ ನಾಲ್ಕು ನಿಮಿಷದಲ್ಲಿ. ಅವಸರಕ್ಕೆ ಇದೇ ಹೊತ್ತಲ್ಲಿ ಪೌಡರ್ ಬಿದ್ದರೆ ಹಸಿ ಪದರಕ್ಕೆ ಸೇರಿ ಮುದ್ದೆ ಆಗುತ್ತೆ. ಕಲೆ ಇನ್ನೂ ಕಂಡರೆ ಎರಡನೇ ಸಲ ಫೌಂಡೇಶನ್ ಬೇಡ, ಆ ಕಲೆ ಮೇಲಷ್ಟೇ ಕನ್ಸೀಲರ್ (ಕಲೆ ಮುಚ್ಚೋ ಗಟ್ಟಿ ಬಣ್ಣ) ಚುಕ್ಕಿ ಇಟ್ಟು ಅಂಚು ತಟ್ಟಿ.

ಆಮೇಲೆ ಸೆಟ್ಟಿಂಗ್ ಸ್ಪ್ರೇ, ಅಂದರೆ ಮೇಕಪ್ ಹಿಡಿದಿಡೋ ಸ್ಪ್ರೇ, ಒಂದು ಸುತ್ತು, ಮೊಳಕ್ಕಿಂತ ಸ್ವಲ್ಪ ಕಡಿಮೆ ದೂರದಿಂದ. ಪೂರ್ತಿ ಆರಲಿ. ಪೌಡರನ್ನ ಪಫ್‌ಗೆ ತಗೊಂಡು, ಪಫ್ ಮಡಚಿ ಉಜ್ಜಿ, ಹೆಚ್ಚಿನದನ್ನ ಅಂಗೈ ಹಿಂದೆ ಉದುರಿಸಿ, ಮೂಗಿನ ಪಕ್ಕ, ಮೇಲ್ದುಟಿ, ಹಣೆಗೆ ಒಂದೊಂದು ಕಡೆ ಐದು ಎಣಿಸೋ ತನಕ ಒತ್ತಿ ಹಿಡಿಯಿರಿ. ಕೆನ್ನೆಗೆ ಬ್ರಶ್‌ನಲ್ಲಿ ಮುಟ್ಟಿದಷ್ಟೇ. ಬೇಕಿಂಗ್ ಅಂತ ಕಣ್ಣ ಕೆಳಗೆ ಪೌಡರ್ ಗುಡ್ಡೆ ಹಾಕೋದು ಶೀಟಿನ ಭವನಕ್ಕೆ ಖಂಡಿತ ಬೇಡ. ಬ್ಲಶ್ ಕ್ರೀಮಿನದು ಪೌಡರ್‌ಗೆ ಮುಂಚೆ ತೆಳುವಾಗಿ, ಅದೇ ಬಣ್ಣದ ಪೌಡರ್ ಬ್ಲಶ್ ಅದರ ಮೇಲೆ. ಕೊನೆಗೆ ಮತ್ತೊಂದು ಸುತ್ತು ಸ್ಪ್ರೇ.

ಕುತ್ತಿಗೆಗೆ ಫೌಂಡೇಶನ್ ಇಳಿಸಬೇಡಿ. ಸರ, ಹಾರ, ಸೀರೆ ಅಂಚು ಉಜ್ಜೋ ಜಾಗ ಅದು, ಅರ್ಧ ಗಂಟೆಗೆ ಗೆರೆ ಬೀಳುತ್ತೆ. ಮುಖದ ಶೇಡನ್ನೇ ಕುತ್ತಿಗೆಗೆ ಹೊಂದಿಸಿ ಆರಿಸಿಕೊಳ್ಳಿ.

ಏರ್‌ಬ್ರಶ್ ಪದರ ತೆಳು ಬರುತ್ತೆ, ಅದು ನಿಜ. ಆದರೆ ಕಣ್ಣೀರೋ ಬೆವರೋ ಹರಿದು ಗೆರೆ ಬಿದ್ದರೆ ಆ ಗೆರೆ ಕಾಣದಂತೆ ಕೈಯಲ್ಲಿ ಮುಚ್ಚೋದು ಕಷ್ಟ. ಧಾರೆ ಹೊತ್ತಲ್ಲಿ ಅಳು ಬಂದೇ ಬರುತ್ತೆ. ಈ ಮದುವೆಗೆ ಸ್ಪಾಂಜೇ ಇರಲಿ.

ಗುಳಿಗೆ_ಪುಡಿ

ಮಿಲ್ಕ್ ಆಫ್ ಮ್ಯಾಗ್ನೀಷಿಯಾ ಬೇಡವೇ ಬೇಡ. ಅದು ಹೊಟ್ಟೆಗೆ ಕೊಡೋ ಔಷಧಿ. ಚರ್ಮದ ಪಿಎಚ್ (ಆಮ್ಲ, ಕ್ಷಾರದ ಅಳತೆ) 5ರ ಆಸುಪಾಸು, ಇದರದ್ದು 10ಕ್ಕಿಂತ ಮೇಲೆ. ಜಿಡ್ಡು ಹೀರೋದು ನಿಜ, ಅದರ ಜೊತೆಗೆ ಚರ್ಮದ ರಕ್ಷಣೆ ಪದರವನ್ನೂ ಕೆಡಿಸುತ್ತೆ. ಮದುವೆ ದಿನ ಮೊದಲ ಸಲ ಹಚ್ಚಿ ಉರಿ ಶುರುವಾದರೆ ಮಾಡೋಕೆ ಏನೂ ಇರಲ್ಲ. ಕಂಕುಳಿನ ಆಂಟಿಪರ್ಸ್ಪಿರಂಟನ್ನ ಹಣೆಗೆ ಹಚ್ಚೋದೂ ಅಷ್ಟೇ: ಅಲ್ಯೂಮಿನಿಯಂ ಲವಣ ಬೆವರು ನಾಳದ ಬಾಯಿ ಮುಚ್ಚುತ್ತೆ, ಆದರೆ ಮುಖದ ಚರ್ಮಕ್ಕೆ, ಅದೂ ಬೆವರು ಇಳಿದು ಕಣ್ಣಿಗೆ ಹೋಗೋ ಜಾಗಕ್ಕೆ, ಅದನ್ನ ಮಾಡಿಲ್ಲ.

ನಿಮ್ಮ ಸ್ಪ್ರೇ ಬಗ್ಗೆ. ರೋಸ್ ವಾಟರ್, ಗ್ಲಿಸರಿನ್, ಅಲೋವೆರಾ ಇಷ್ಟೇ ಇದ್ದರೆ ಅದು ಮುಖ ತಂಪು ಮಾಡೋ ಮಿಸ್ಟ್, ಮೇಕಪ್ ಹಿಡಿದಿಡೋದಿಲ್ಲ. ಗ್ಲಿಸರಿನ್ ತೇವ ಎಳೆದುಕೊಳ್ಳೋ ಪದಾರ್ಥ, ಸೆಕೆಯಲ್ಲಿ ಮುಖ ಅಂಟು ಅಂಟಾಗುತ್ತೆ. ನಿಮಗೆ ಬೇಕಿರೋದು ಪಾಲಿಮರ್, ಅಂದರೆ ಆರಿದ ಮೇಲೆ ತೆಳು ಪೊರೆಯಾಗಿ ನಿಲ್ಲೋ ಪದಾರ್ಥ, ಇರೋದು. ಪಟ್ಟಿಯಲ್ಲಿ ಅಕ್ರಿಲೇಟ್ಸ್ ಕೋಪಾಲಿಮರ್ ಅಥವಾ ಪಿವಿಪಿ ಅಂತ ಹುಡುಕಿ. ಇದ್ದಿದ್ದರಲ್ಲಿ ಅಕ್ರಿಲೇಟ್ಸ್ ಒಳ್ಳೇದು, ಯಾಕಂದ್ರೆ ಪಿವಿಪಿ ಒಂದೇ ಇದ್ದರೆ ತೇವದ ಗಾಳಿಗೆ ತಾನೂ ಮೆತ್ತಗಾಗಿ ಅಂಟುತ್ತೆ. ಇಂಥ ಸ್ಪ್ರೇಗಳಲ್ಲಿ ಆಲ್ಕೋಹಾಲ್ ಇರುತ್ತೆ, ಬೇಗ ಆರೋದಕ್ಕೆ ಅದೇ ಕಾರಣ. ಹೊಡೆಯುವಾಗ ಹುಡುಗಿ ಕಣ್ಣು ಮುಚ್ಚಿ ಉಸಿರು ಹಿಡಿದಿರಲಿ. ದೀಪ, ಊದುಬತ್ತಿ ಹತ್ತಿರ ಹೊಡೆಯಲೇಬೇಡಿ, ಹೊತ್ತಿಕೊಳ್ಳುತ್ತೆ.

ಹೊಸದಾಗಿ ಏನೇ ತಂದರೂ ಕಿವಿ ಹಿಂದೆ ಅಥವಾ ಮುಂದೋಳಿನ ಒಳಭಾಗಕ್ಕೆ ಹಚ್ಚಿ 48 ಗಂಟೆ ನೋಡಿ. ಮದುವೆಗೆ ಒಂದು ವಾರ ಮುಂಚೆಯೇ ಇದು ಮುಗಿದಿರಲಿ.

ಮೂರನೇಕಣ್ಣು (ಹಾಸನ)

ಫೋಟೋ ಕಡೆಯಿಂದ ಒಂದು ಮಾತು. ಬರೀ ಸಿಲಿಕಾ ಇರೋ ಬಿಳಿ ಪೌಡರ್ ಕಣ್ಣ ಕೆಳಗೆ ದಪ್ಪ ಇದ್ದರೆ ನೇರ ಫ್ಲ್ಯಾಶ್‌ಗೆ ಬೂದಿ ಬಳಿದಂತೆ ಬರುತ್ತೆ. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಜಾಸ್ತಿ ಇರೋ ಸನ್‌ಸ್ಕ್ರೀನೂ ಹಾಗೇ. ಕನ್ನಡಿಯಲ್ಲಿ ಗೊತ್ತಾಗಲ್ಲ. ಸೀರೆ ಉಡಿಸೋ ಮುಂಚೆ ರೂಮಿನ ಲೈಟ್ ಆರಿಸಿ, ಮೊಬೈಲ್ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದು ನೋಡಿ. ಆಗಲೇ ಬ್ರಶ್‌ನಲ್ಲಿ ಕೊಡವಿ ಸರಿ ಮಾಡಬಹುದು.

ಮತ್ತೆ, ವಿಡಿಯೋದವರ ಹತ್ತಿರ ಮೊದಲೇ ಮಾತಾಡಿ. ಹಳೆ ಹ್ಯಾಲೋಜೆನ್ ಲೈಟ್ ಆದರೆ ಎದುರಿಗೆ ಕೂತವರ ಮುಖ ಸುಡುತ್ತೆ, ಎಲ್‌ಇಡಿ ಹಾಕೋಕೆ ಹೇಳಿ. ಸ್ಟ್ಯಾಂಡ್ ಫ್ಯಾನ್ ಹಸೆಮಣೆಯ ಓರೆ ಹಿಂದಿಂದ ಬೀಸಲಿ. ಎದುರಿಂದ ಇಟ್ಟರೆ ಹೋಮದ ಹೊಗೆ ಹುಡುಗಿ ಕಣ್ಣಿಗೇ ನುಗ್ಗುತ್ತೆ.

ಮೊಗ್ಗಿನಜಡೆ (ಹಾಸನ)

ತುಂಬಾ ಉಪಕಾರ ಆಯ್ತು. ಸಿಲಿಕೋನ್ ಫೌಂಡೇಶನ್‌ನಲ್ಲೇ ಇನ್ನೊಂದು ಟ್ರಯಲ್ ಇಟ್ಟುಕೊಳ್ಳುತ್ತೇನೆ. ಇನ್ನೂ ಮೂರು ಸಂದೇಹ. ಹಿಂದಿನ ದಿನ ಅರಿಶಿನ ಶಾಸ್ತ್ರ ಇದೆ, ಮುಖ ಹಳದಿ ಇದ್ದರೆ ಶೇಡ್ ಹೇಗೆ ನೋಡೋದು? ಬಾಸಿಂಗ ಕಟ್ಟಿದ ಮೇಲೆ ಹಣೆ ಏನಾಗುತ್ತೆ? ಹೊಗೆಗೆ ಕಾಡಿಗೆ ನಿಲ್ಲುತ್ತಾ?

ಹಸೆಮಣೆ_ಅಕ್ಕ

ಅರಿಶಿನದ್ದು ಮೊದಲು. ಅದರ ಬಣ್ಣ ನೀರಿಗೆ ಬಿಡಲ್ಲ, ಎಣ್ಣೆಗೆ ಬಿಡುತ್ತೆ. ಶಾಸ್ತ್ರ ಮುಗಿದ ಮೇಲೆ ಸೋಪು ಹಾಕಿ ತಿಕ್ಕೋದು ಎಲ್ಲ ಮನೆಯಲ್ಲೂ ನಡೆಯುತ್ತೆ, ಸೋಪಿನ ಕ್ಷಾರಕ್ಕೆ ಅರಿಶಿನ ಕೆಂಪಗಾಗುತ್ತೆ, ತಿಕ್ಕಿದ್ದಕ್ಕೆ ಚರ್ಮವೂ ಕೆರಳುತ್ತೆ. ಅದರ ಬದಲು ನಾಲ್ಕೈದು ಹನಿ ಕೊಬ್ಬರಿ ಎಣ್ಣೆಯಲ್ಲಿ ಮೆಲ್ಲಗೆ ಸವರಿ, ಒದ್ದೆ ಹತ್ತಿಯಲ್ಲಿ ಒರೆಸಿ, ಆಮೇಲೆ ಫೇಸ್‌ವಾಶ್. ಇದು ಹಿಂದಿನ ಸಂಜೆಯೇ ಆಗಬೇಕು. ಬೆಳಿಗ್ಗೆ ಎಣ್ಣೆ ಸ್ನಾನ ಇದ್ದರೆ ತಲೆಗೆ ಮಾತ್ರ ಹಚ್ಚಲಿ ಅಂತ ಮನೆಯವರಿಗೆ ಮೊದಲೇ ಹೇಳಿಬಿಡಿ. ಹಣೆಯ ಕೂದಲಂಚಿನಲ್ಲಿ ಎಣ್ಣೆ ಉಳಿದರೆ ಯಾವ ಪ್ರೈಮರೂ ಕಚ್ಚಲ್ಲ. ಅಲ್ಲಿಗೆ ಫೇಸ್‌ವಾಶ್ ಎರಡು ಸಲ.

ಇಷ್ಟು ಮಾಡಿದರೂ ಸ್ವಲ್ಪ ಹಳದಿ ಉಳಿಯುತ್ತೆ. ಹಳದಿ ಕಾಣಿಸ್ತಿದೆ ಅಂತ ಗುಲಾಬಿ ಛಾಯೆಯ ಫೌಂಡೇಶನ್ ಹಾಕಿದರೆ ಬೆವರು ಬಂದ ತಕ್ಷಣ ಕೆಳಗಿನ ಹಳದಿ, ಮೇಲಿನ ಗುಲಾಬಿ ಎರಡೂ ಬೇರೆ ಬೇರೆ ಕಾಣುತ್ತೆ. ಹಳದಿ ಛಾಯೆಯದ್ದೇ ಎರಡು ಶೇಡ್ ತಗೊಂಡು ಹೋಗಿ, ಮದುವೆ ಬೆಳಿಗ್ಗೆ ಕಿಟಕಿ ಬೆಳಕಿನಲ್ಲಿ ದವಡೆಯಿಂದ ಕುತ್ತಿಗೆಗೆ ಒಂದೊಂದು ಗೆರೆ ಎಳೆದು ನೋಡಿ ತೀರ್ಮಾನ ಮಾಡಿ.

ಬಾಸಿಂಗ ಕಟ್ಟೋ ದಾರ, ಅದರ ತಳ ಹಣೆಗೆ ಉಜ್ಜುತ್ತಲೇ ಇರುತ್ತೆ, ಆ ಪಟ್ಟಿಯ ಮೇಲೆ ಫೌಂಡೇಶನ್ ಇದ್ದಷ್ಟೂ ಕೊಳೆ ಥರ ಕಾಣುತ್ತೆ. ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ ಬಣ್ಣ ಕ್ರಮೇಣ ತೆಳುವಾಗಿ ಹೋಗಿ, ಬಾಸಿಂಗ ಕೂರೋ ಜಾಗದಲ್ಲಿ ಬರೀ ಪೌಡರ್ ಇರಲಿ. ದಾರದ ಒಳಬದಿಗೆ, ಹಣೆ ತಾಗೋ ಕಡೆ, ಮಡಚಿದ ಮೆತ್ತನೆ ಹತ್ತಿ ಬಟ್ಟೆ ತುಂಡು ಇಟ್ಟರೆ ಬೆವರನ್ನೂ ಹೀರುತ್ತೆ. ಬಾಸಿಂಗ ಬಿಚ್ಚಿದ ತಕ್ಷಣ ಯಾರೂ ಕರ್ಚೀಫ್ ತಗೊಂಡು ಒರೆಸೋಕೆ ಬಿಡಬೇಡಿ, ನೀವೇ ಟಿಶ್ಯೂ ಇಟ್ಟು ಒತ್ತಿ.

ಕುಂಕುಮಕ್ಕೆ ನಮ್ಮ ಅಜ್ಜಿಯರ ಕಾಲದ ಜೇನುಮೇಣವೇ ಇವತ್ತಿಗೂ ಸರಿ. ಕುಂಕುಮ ಇಡೋ ಜಾಗದ ಫೌಂಡೇಶನ್ ಒರೆಸಿ, ಬೆರಳ ತುದಿಯಲ್ಲಿ ಮೇಣ ಬೆಚ್ಚಗೆ ಮಾಡಿ ತೆಳುವಾಗಿ ಒಂದು ಬೊಟ್ಟು, ಅದರ ಮೇಲೆ ಒಣ ಕುಂಕುಮ ಒತ್ತಿ, ಉದುರೋದನ್ನ ಬ್ರಶ್‌ನಲ್ಲಿ ತೆಗೀರಿ. ವ್ಯಾಸಲೀನ್ ಹಾಕಿದರೆ ಸೆಕೆಗೆ ಕರಗಿ ಮೂಗಿನವರೆಗೆ ಇಳಿಯುತ್ತೆ. ಸ್ಟಿಕ್ಕರ್ ಇಡೋದಾದರೆ ಆ ಚೂರು ಜಾಗಕ್ಕೆ ಬಣ್ಣ, ಪೌಡರ್ ಏನೂ ಇರಬಾರದು.

ಕಣ್ಣು. ಕೆಳ ರೆಪ್ಪೆಯ ಒಳಗೆರೆ ಯಾವಾಗಲೂ ಒದ್ದೆ, ಅಲ್ಲಿ ಯಾವ ಕಂಪನಿಯ ಕಾಡಿಗೆಯೂ ಹೊಗೆಗೆ ನಿಲ್ಲಲ್ಲ. ಒಳಗೆರೆ ಬಿಟ್ಟು ರೆಪ್ಪೆ ಕೂದಲ ಬುಡಕ್ಕೆ ಜೆಲ್ ಪೆನ್ಸಿಲ್ ಎಳೀರಿ. ಅರ್ಧ ನಿಮಿಷದಲ್ಲಿ ಅದು ಗಟ್ಟಿಯಾಗುತ್ತೆ, ಅಷ್ಟರೊಳಗೆ ಕಪ್ಪು ಐಶ್ಯಾಡೋವನ್ನ ಸಣ್ಣ ಬ್ರಶ್‌ನಲ್ಲಿ ಅದರ ಮೇಲೆ ಒತ್ತಿ. ಮಸ್ಕರಾ ಟ್ಯೂಬಿಂಗ್ ಥರದ್ದು ಸಿಕ್ಕರೆ ಒಳ್ಳೇದು: ಜಿಡ್ಡಿಗೆ ಕರಗಿ ಕಣ್ಣ ಕೆಳಗೆ ಇಳಿಯೋದಿಲ್ಲ, ಬೆಚ್ಚಗಿನ ನೀರಿಗೆ ಸುರುಳಿಯಾಗಿ ಬಿಡುತ್ತೆ. ಕೃತಕ ರೆಪ್ಪೆಗೆ ಅಂಟು ಹಚ್ಚಿ ಅರ್ಧ ನಿಮಿಷ ಕಾದು, ಅಂಟು ಜಿಗುಟಾದ ಮೇಲೆ ಇಡಿ. ಮೂಗಿನ ಕಡೆಯ ಮೂಲೆಯೇ ಮೊದಲು ಏಳೋದು, ಕಣ್ಣೀರು ನಿಲ್ಲೋದು ಅಲ್ಲೇ ಅಲ್ವಾ. ಆ ತುದಿಯನ್ನ ಕಣ್ಣ ಮೂಲೆಯಿಂದ ಸ್ವಲ್ಪ ಈಚೆಗೆ ಕತ್ತರಿಸಿ ಇಡಿ.

ತುಟಿಗೆ ಲೈನರ್ ಪೂರ್ತಿ ತುಂಬಿ, ಲಿಪ್‌ಸ್ಟಿಕ್ ಒಂದು ಪದರ, ಟಿಶ್ಯೂ ಕಚ್ಚಿಸಿ ಮತ್ತೊಂದು ಪದರ. ಮ್ಯಾಟ್ ಲಿಕ್ವಿಡ್ ಲಿಪ್‌ಸ್ಟಿಕ್ ನೀರಿಗೆ, ಬೆವರಿಗೆ ಜಗ್ಗಲ್ಲ, ಒಬ್ಬಟ್ಟಿನ ತುಪ್ಪಕ್ಕೆ ಮಾತ್ರ ಕರಗುತ್ತೆ. ಊಟ ಆದ ಮೇಲೆ ತುಟಿ ಪೂರ್ತಿ ಒರೆಸಿ ಹೊಸದಾಗಿ ಹಚ್ಚಿ. ಅಳಿಸಿದ್ದರ ಮೇಲೇ ಹಚ್ಚಿದರೆ ಪುಡಿ ಪುಡಿ ಆಗುತ್ತೆ.

ಧಾರೆಸೀರೆ (ಚಿಕ್ಕಮಗಳೂರು)

ಅಕ್ಕ ಹೇಳಿದ್ದಕ್ಕೆ ಟಚಪ್ ಸೇರಿಸ್ತೀನಿ, ಭವನದಲ್ಲಿ ಕೆಲಸ ಕೆಡೋದು ಬಹಳ ಸಲ ಅಲ್ಲೇ. ಒದ್ದೆ ಮುಖದ ಮೇಲೆ ಪೌಡರ್ ಹಾಕಬಾರದು, ನಿಮ್ಮ ತೇಪೆ ಬಂದಿದ್ದು ಅದರಿಂದ. ಟಿಶ್ಯೂವಿನ ಎರಡು ಪದರ ಬಿಡಿಸಿ ಒಂದನ್ನ ತಗೊಳ್ಳಿ. ಮುಖದ ಮೇಲಿಟ್ಟು ಅಂಗೈಯಲ್ಲಿ ಒತ್ತಿ, ಎಳೆಯದೆ ನೇರ ಎತ್ತಿ. ಬೆವರು ಹೋಗಿ ಜಿಡ್ಡು ಉಳಿದಿದ್ದರೆ ಬ್ಲಾಟಿಂಗ್ ಪೇಪರ್. ಒಡೆದ ಜಾಗದ ಅಂಚನ್ನ ಒಣ ಸ್ಪಾಂಜಲ್ಲಿ ತಟ್ಟಿ ಸಮ ಮಾಡಿ, ಬೇಕಾದರೆ ಸಾಸಿವೆಯಷ್ಟು ಕನ್ಸೀಲರ್, ಕೊನೆಗೆ ಪಫ್‌ನಲ್ಲಿ ಪೌಡರ್ ಒಂದೇ ಒತ್ತು. ಧಾರೆಗೆ ಮುಂಚೆ ಒಮ್ಮೆ, ಬಾಸಿಂಗ ಬಿಚ್ಚಿದಾಗ ಒಮ್ಮೆ, ಊಟ ಆದ ಮೇಲೆ ಒಮ್ಮೆ. ನಡುವೆ ಬೆವರು ಕಂಡರೆ ಟಿಶ್ಯೂ ಮಾತ್ರ. ಒಂದು ಪ್ಯಾಕೆಟ್ ಹುಡುಗಿ ಪಕ್ಕ ನಿಲ್ಲೋ ತಂಗಿ ಕೈಗೆ ಕೊಟ್ಟು, ಒತ್ತೋದು ಹೇಗೆ ಅಂತ ಅವಳಿಗೆ ತೋರಿಸಿಬಿಡಿ.

ಇನ್ನು ಬೆಳ್ತಂಗಡಿ ಔತಣ. ನೀವು ಸಾವಿರ ಮೀಟರ್ ಹತ್ತಿರದ ಎತ್ತರದಿಂದ ಘಟ್ಟದ ಕೆಳಗೆ ಇಳೀತೀರಿ, ಅಲ್ಲಿ ಮೇ ತಿಂಗಳ ಗಾಳಿಯೇ ಬೇರೆ. ಮನೆಯಲ್ಲೇ ಮೇಕಪ್ ಮುಗಿಸಿ ಹೊರಡೋಣ ಅಂತ ಅವರು ಹೇಳಬಹುದು, ಒಪ್ಪಬೇಡಿ. ಚಾರ್ಮಾಡಿಯಾಗಲಿ ಶಿರಾಡಿಯಾಗಲಿ, ತಿರುವುಗಳಲ್ಲಿ ತಲೆ ಸುತ್ತಿ ವಾಂತಿ ಬಂದರೆ ಕಣ್ಣು, ತುಟಿ ಎರಡೂ ಹೋಗುತ್ತೆ. ಅಲ್ಲಿಗೆ ತಲುಪಿ, ಮುಖ ತೊಳೆಸಿ, ಬೆವರು ನಿಲ್ಲೋ ತನಕ ಅರ್ಧ ಮುಕ್ಕಾಲು ಗಂಟೆ ಕೂರಿಸಿ ಶುರು ಮಾಡಿ. ಎಸಿ ರೂಮು ಕೊಟ್ಟರೆ 25, 26ರಲ್ಲಿ ಇಡಿ. ತೀರಾ ತಣ್ಣಗೆ ಮಾಡಿ ಕೂರಿಸಿ ಚಪ್ಪರಕ್ಕೆ ಕರಕೊಂಡು ಹೋದರೆ ಹೊರಗೆ ಕಾಲಿಟ್ಟ ತಕ್ಷಣ ಬೆವರು ಒಡೆಯುತ್ತೆ.

ಅಲ್ಲಿಗೆ ಸಾಮಾನೂ ಕಡಿಮೆ ಮಾಡಿ: ಫೌಂಡೇಶನ್ ಒಂದೇ ಬಟಾಣಿಯಷ್ಟು, ಉಳಿದಿದ್ದು ಕನ್ಸೀಲರ್‌ನಲ್ಲಿ. ಕ್ರೀಮ್ ಬ್ಲಶ್, ಹೈಲೈಟರ್ ಬಿಡಿ, ಜಿಡ್ಡಿನ ಹೊಳಪು ತಾನಾಗೇ ಬರುತ್ತೆ. ಲಿಪ್‌ಸ್ಟಿಕ್ ಡಬ್ಬಿಯನ್ನ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಅರ್ಧ ಗಂಟೆಗೆ ಬಗ್ಗಿ ಕೂತಿರುತ್ತೆ.

ಮೊಗ್ಗಿನಜಡೆ (ಹಾಸನ)

ಅರ್ಥ ಆಯ್ತು ಅಕ್ಕ. ಬಂದ ಮೇಲೆ ಸ್ಪಾಂಜ್, ಬ್ರಶ್‌ಗೆ ಏನಾದರೂ ಬೇರೆ ಮಾಡಬೇಕಾ?

ಧಾರೆಸೀರೆ (ಚಿಕ್ಕಮಗಳೂರು)

ಒದ್ದೆ ಸ್ಪಾಂಜನ್ನ ಕವರಲ್ಲಿ ಕಟ್ಟಿ ತರಬೇಡಿ, ಪೇಪರ್ ಟವೆಲಲ್ಲಿ ಸುತ್ತಿ ತನ್ನಿ. ಅವತ್ತೇ ಸೋಪಲ್ಲಿ ಹಿಂಡಿ ಹಿಂಡಿ ತೊಳೆದು ಫ್ಯಾನ್ ಕೆಳಗೆ ಒಣಗಿಸಿ. ಜೂನ್ ಶುರುವಾದ ಮೇಲೆ ನಮ್ಮ ಕಡೆ ಅರ್ಧ ಒಣಗಿದ್ದನ್ನ ಡಬ್ಬಿಗೆ ಹಾಕಿದರೆ ಒಳಗಡೆ ಬೂಷ್ಟು ಹಿಡಿಯುತ್ತೆ. ಮಧ್ಯಕ್ಕೆ ಬಗ್ಗಿಸಿ ನೋಡಿ, ಕಪ್ಪು ಚುಕ್ಕಿ ಕಂಡರೆ ತೊಳೆಯೋಕೆ ಹೋಗಬೇಡಿ, ಬಿಸಾಕಿ. ಬ್ರಶ್‌ಗಳನ್ನ ಅಡ್ಡ ಮಲಗಿಸಿ ಒಣಗಿಸಿ, ನಿಲ್ಲಿಸಿದರೆ ನೀರು ಲೋಹದ ಕೊಳವೆಯೊಳಗೆ ಇಳಿದು ಅಂಟು ಬಿಟ್ಟು ಕೂದಲು ಉದುರುತ್ತೆ.